ಅತಿಥಿಗೆ ಪೇಪರ್ ಪ್ಲೇಟು

ಗೆಳೆಯರೇ, ಮಧ್ಯಾಹ್ನದ ಸಿಟ್ಟು ಇನ್ನೂ ಇಳಿದಿಲ್ಲ. ಅಮೆರಿಕದ ಡ್ಯಾನ್‌ವಿಲ್‌ನ ನಮ್ಮ ಮನೆಗೆ ಇಂದು ಜಪಾನಿನ ಮಿಚಿಕೊ ಊಟಕ್ಕೆ ಬಂದಿದ್ದರು. ಕಳೆದ ವರ್ಷ ನಾವು ಜಪಾನಿಗೆ ಹೋದಾಗ ನಮ್ಮನ್ನು ತಮ್ಮ ಮನೆಯಲ್ಲೇ ಉಳಿಸಿಕೊಂಡು, ಸಸ್ಯಾಹಾರಿಗಳಾದ ನಮಗೆ ಮೀನು ಸೋಕದಿರಲೆಂದು ಹೊಸ ಪಾತ್ರೆ ತಂದು ಅಡುಗೆ ಮಾಡಿದವರು.

ನಮ್ಮಲ್ಲಿಗೆ ಬಂದಿರುವ ನನ್ನ ಗಂಡನ ಅಕ್ಕ ನಮಗೆಲ್ಲ ಸ್ಟೀಲ್ ತಟ್ಟೆ ಹಾಕಿ, ಮಿಚಿಕೊ ಮುಂದೆ ಮಾತ್ರ ಪೇಪರ್ ಪ್ಲೇಟು ಇಟ್ಟರು.

"ಯಾಕಕ್ಕಾ?" ಎಂದೆ.

"ಮೀನು ತಿನ್ನೋರಲ್ವೇನೆ? ಅವರಿಗೇನು ಗೊತ್ತಾಗತ್ತೆ, ಬಿಡು."

ನನ್ನ ತಟ್ಟೆ ಮಿಚಿಕೊ ಮುಂದಿಟ್ಟು, ಆ ಪ್ಲೇಟಿನಲ್ಲಿ ನಾನು ಉಂಡೆ. ಆದರೂ ಮಿಚಿಕೊ ಅವರಿಗೆ ಗೊತ್ತಾಗಿತ್ತು. ಎರಡನೇ ಸಲ ಬಡಿಸಿಕೊಳ್ಳಲೇ ಇಲ್ಲ.

ಅವರು ಹೊರಟ ಮೇಲೆ ಅಕ್ಕ ಕೇಳಿದರು: "ಸಮ್ಮರ್‌ಗೆ ನಾವೂ ಜಪಾನಿಗೆ ಹೋಗ್ತಿದೀವಲ್ಲ, ಇವರ ಮನೇಲೇ ಉಳ್ಕೋಬಹುದಾ? ಮಡಿಯಾಗಿ ಅಡುಗೆ ಮಾಡ್ತಾರಂತಲ್ಲ."

"ಹೋಟೆಲ್ ಬುಕ್ ಮಾಡ್ಕೊಳ್ಳಿ" ಎಂದೆ. ಈಗ ಅಕ್ಕ ಮುನಿಸಿಕೊಂಡಿದ್ದಾರೆ: ಮನೆಗೆ ಬಂದವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ನನಗೆ ಗೊತ್ತಿಲ್ಲವಂತೆ.