ಗಿರಿಜಕ್ಕನ ಮನೆ ಮುಂದಿನ ಗೂಟ

ಗೂಟ ಹೊಡೆಯಲು ಪಿಎಚ್‌ಡಿ ಬೇಕೇ?

ಕಳೆದ ವರ್ಷ ನಾನು ಕೇಳಿದ ಪ್ರಶ್ನೆ ಇದು. (ನನ್ನ ಅಪ್ಪ ಎರಡನೇ ಕ್ಲಾಸಿನ ವಿದ್ಯೆಯಲ್ಲೇ ದನ ಕಟ್ಟಲು ಅತ್ಯುತ್ತಮ ಗೂಟಗಳನ್ನು ಹೊಡೆದಿದ್ದರು.) ಕೇಳಿದ್ದು ಸಫಿಯಾಳನ್ನು. ಹಂಪನಕಟ್ಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗೆಳೆಯ ಹಮೀದನ ಮಗಳು. ಕಡಲು ಎಷ್ಟು ದಡ ತಿನ್ನುತ್ತಿದೆ, ದಡದವರು ಏನು ಮಾಡಬೇಕು ಎಂಬುದು ಅವಳ ರಿಸರ್ಚ್.

"ದುಬೈಯಲ್ಲಿ ಬ್ಯಾಂಕ್ ಕೆಲಸ ರೆಡಿ ಇತ್ತು ಮಾರಾಯ. ಇವಳಿಗೆ ಕಡಲ ಬದಿಯ ಹೊಯಿಗೆ ಅಳೆಯುವುದೇ ಆಗಬೇಕಂತೆ" ಎಂದು ಹಮೀದ್ ಕೊರಗುತ್ತಿದ್ದ.

ಒಂದು ಬೆಳಿಗ್ಗೆ ಅವಳ ಜೊತೆ ನಾನೂ ಕಡಲ ಬದಿಗೆ ಹೋದೆ. ಪೇಪರಿಗೆ ವಾರಕ್ಕೊಂದು ಅಂಕಣ ಗೀಚುವ ರಿಟೈರ್ಡ್ ಮಾಷ್ಟ್ರಿಗೆ ಬೇರೆಂತ ಕೆಲಸ? ಒಣಮೀನು ಮಾರುವ ಗಿರಿಜಕ್ಕನ ಮನೆ ಮುಂದೆ ಸಫಿಯಾ ಕೆಂಪು ಬಣ್ಣದ ಗೂಟ ಹೊಡೆದಳು. ನೀರಿನ ಅಂಚು ಅಲ್ಲಿಂದ ಎಷ್ಟು ದೂರ ಎಂದು ತಿಂಗಳಿಗೊಮ್ಮೆ ಅಳೆಯಲಿಕ್ಕೆ.

"ಇದೆಂತ ಮಗಾ? ರೋಡ್ ಬರ್ತದಾ?" ಗಿರಿಜಕ್ಕ ಕೇಳಿದರು.

"ಇಲ್ಲಕ್ಕಾ. ಎರಡು ಮಳೆಗಾಲದೊಳಗೆ ನೀರು ಇಲ್ಲಿಯವರೆಗೆ ಬರುವ ಸಾಧ್ಯತೆ ಉಂಟು. ಖಂಡಿತ ಅಂತ ಹೇಳ್ಲಿಕ್ಕೆ ಆಗುದಿಲ್ಲ."

"ಕಡಲಿಂದ ದೂರ, ಬಜಪೆಯಲ್ಲಿ, ನನ್ನ ತಮ್ಮ ಒಂದು ಕೋಣೆ ಕೊಡ್ತೇನೆ ಅಂತಾನೆ. ಹೋಗುದಾ, ಬೇಡವಾ?"

"ಹೋಗುದು ಒಳ್ಳೇದು ಅಂತ ನನಗೆ ಕಾಣ್ತದೆ."

ಸಾಧ್ಯತೆಯಂತೆ, ಕಾಣ್ತದಂತೆ! ಗಿರಿಜಕ್ಕನ ಮುಖ ಬಾಡಿತು. ವಾತಾವರಣ ತಿಳಿಗೊಳಿಸುವ ಘನ ಜವಾಬ್ದಾರಿ ನನ್ನ ಮೇಲೆ ಬಿತ್ತು. (ಅವರ ತಮ್ಮನಿಗೆ ಪಾಠ ಮಾಡಿದವ ನಾನು.) ಗೂಟಕ್ಕೆ ಕೈಮುಗಿದು, ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಹೆದರಬೇಡಿ. ಇದು ವಿಜ್ಞಾನದ ಗೂಟ. ಇದು ನಿಂತಿರುವವರೆಗೆ ಸಮುದ್ರರಾಜನೂ ಈಚೆ ದಾಟುವ ಹಾಗಿಲ್ಲ."

ಗಿರಿಜಕ್ಕ ನಕ್ಕರು. ನಾನೂ ನಕ್ಕೆ. ಸಫಿಯಾ ನಗಲಿಲ್ಲ. (ಈಗಿನ ಮಕ್ಕಳಿಗೆ ಹಾಸ್ಯಪ್ರಜ್ಞೆ ಕಡಿಮೆ ಎಂದುಕೊಂಡೆ.)

ಮುಂದಿನದ್ದು ಸಫಿಯಾ ಹೇಳಿದ್ದು. ಅವಳು ಅಳೆಯಲು ಹೋದಾಗಲೆಲ್ಲ ಗೂಟದ ತಲೆ ಮೇಲೆ ಒಂದು ದಾಸವಾಳ ಇರುತ್ತಿತ್ತಂತೆ. "ಅಕ್ಕಾ, ಇದು ಕಡಲನ್ನು ತಡೆಯುದಿಲ್ಲ. ಬರೇ ಅಳತೆಗೆ" ಎಂದು ಪ್ರತಿ ತಿಂಗಳೂ ಹೇಳಿದ್ದಾಳೆ.

"ನೀನು ಸಣ್ಣವಳು. ಮಾಷ್ಟ್ರೇ ಹೇಳಿದ್ದಾರೆ."

ತಮ್ಮ ಆಟೋ ತಂದು ನಿಲ್ಲಿಸಿದರೂ ಗಿರಿಜಕ್ಕ ಹತ್ತಲಿಲ್ಲ. ಕೊನೆಗೆ ಆ ಕೋಣೆಗೆ ಬೇರೆಯವರು ಬಂದರು.

ಈ ಮಳೆಗಾಲ ಗೂಟ ಹೋಯಿತು. ಅದರ ಹಿಂದೆಯೇ ಗಿರಿಜಕ್ಕನ ಜಗಲಿ, ಎದುರಿನ ಕೋಣೆ.

ಮೊನ್ನೆ ಇಬ್ಬರೂ ಹೋದೆವು. ಉಳಿದದ್ದು ಅಡುಗೆಮನೆ ಮಾತ್ರ. ಸಫಿಯಾ ಬ್ಯಾಗಿನಿಂದ ಟೇಪ್ ತೆಗೆಯಲೇ ಇಲ್ಲ. ಅವಳು ಹೇಳಿದಂತೆಯೇ ಆಗಿತ್ತು. ತನ್ನ ಮಾತು ನಿಜವಾಯಿತೆಂದು ಅಳಬೇಕಾದ ಉದ್ಯೋಗ ಬೇರೆ ಯಾವುದಾದರೂ ಉಂಟೇ?

"ಅಂಕಲ್, ನಾನೂ ಖಂಡಿತ ಅಂತಲೇ ಹೇಳ್ಬೇಕಿತ್ತಾ?" ಎಂದಳು.

ನಾನು ಚಪ್ಪಲಿಯ ಹೊಯಿಗೆ ಕೊಡವಿದೆ. (ಅಷ್ಟೇನೂ ಹೊಯಿಗೆ ಇರಲಿಲ್ಲ.)

ಗಿರಿಜಕ್ಕ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಚಾ ಕೊಟ್ಟರು.

"ಮಾಷ್ಟ್ರೇ, ಹೊಸ ಗೂಟ ಅಡುಗೆಮನೆ ಬಾಗಿಲಿಗೆ ಹಾಕಿಸಿ. ಈ ಸಲ ಸ್ವಲ್ಪ ದಪ್ಪದ್ದು. ಕಳೆದ ಸಲದ ಆ ಮಾತೂ ನೀವೇ ಹೇಳಿ."

"ಅದು ತಮಾಷೆಗೆ ಹೇಳಿದ್ದು ಗಿರಿಜಕ್ಕಾ."

"ಸುಮ್ಮನಿರಿ. ನೀವು ಸುಳ್ಳು ಹೇಳುವ ಜನ ಅಲ್ಲ."

ಇಷ್ಟು ವರ್ಷ ಅಂಕಣ ಬರೆದೆ. ನನ್ನ ಮಾತನ್ನು ಪೂರ್ತಿ ನಂಬಿದವರು ಒಬ್ಬರೇ. ಅವರಿಗೆ ಓದಲು ಬರುವುದಿಲ್ಲ.