ಗಂಗುಲಮ್ಮನ ಕೆಂಪು ಚುಕ್ಕೆ

ಗಂಗುಲಮ್ಮ ಸ್ಪಂಜಿನ ತುಂಡನ್ನು ನೀರಿನಲ್ಲಿ ಅದ್ದಿ, ಹಿಂಡಿ, ತಗಡಿನ ಮುಚ್ಚಳದಲ್ಲಿಡುತ್ತಾಳೆ. ಬೆಸುಗೆ ಕಡ್ಡಿ ಕಾದ ಮೇಲೆ ಅದರ ಮೊನೆಯನ್ನು ಒದ್ದೆ ಸ್ಪಂಜಿಗೆ ಒರೆಸಬೇಕು. ಇಲ್ಲದಿದ್ದರೆ ಸೀಸ ಸರಿಯಾಗಿ ಹಿಡಿಯುವುದಿಲ್ಲ. ಗೋಡೆಯಾಚೆ ಯಾರೋ ತೊಟ್ಟಿಗೆ ನೀರು ಬಿಡುತ್ತಿರುವ ಸದ್ದು. ಯಾರೋ ಏನು, ಆಚೆ ಕೂತು ಮೀಟರು ಪರೀಕ್ಷಿಸುವ ತ್ರಿವೇಣಿಯೇ. ಆ ಸದ್ದಿಗೆ ಗಂಗುಲಮ್ಮನ ತುಟಿ ಬಿಗಿಯುತ್ತದೆ.

ಹಿಂದೂಪುರದ ಹೊರಗೆ, ಪೆನುಕೊಂಡ ರಸ್ತೆಯ ಪಕ್ಕದ ತಗಡಿನ ಶೆಡ್ಡು ಇದು. ಹಗಲು ಕರೆಂಟನ್ನು ನೆಚ್ಚುವಂತಿಲ್ಲ. ಹಾಗಾಗಿ ಕೆಲಸ ಬೆಳಗಿನ ಜಾವಕ್ಕೇ ಶುರು. ಇಲ್ಲಿ ತಯಾರಾಗುವುದು ನೀರಿನ ಮೀಟರು. ಒಳಗೊಂದು ಪುಟ್ಟ ಚಕ್ರ. ನೀರು ಹರಿದರೆ ತಿರುಗುತ್ತದೆ. ಚಕ್ರದ ನೆತ್ತಿಯಲ್ಲಿ ಅರ್ಧ ತಾಮ್ರ, ಅರ್ಧ ಪ್ಲಾಸ್ಟಿಕ್ಕಿನ ಬಿಲ್ಲೆ. ಅದರ ಮೇಲೆ ಅಕ್ಕಪಕ್ಕ ಎರಡು ಕಾಯಿಲ್, ಅಂದರೆ ತಂತಿಯ ಸುರುಳಿ. ತಾಮ್ರ ಯಾವುದರ ಕೆಳಗೆ ಮೊದಲು ಬಂತು, ಯಾವುದರ ಕೆಳಗೆ ಆಮೇಲೆ ಬಂತು ಎಂದು ನೋಡಿ, ನೀರು ಯಾವ ಕಡೆಗೆ ಎಷ್ಟು ಹರಿಯಿತೆಂದು ಲೆಕ್ಕ ಹಾಕುವುದು ಕಿರುಬೆರಳಿನ ಉಗುರಿನಷ್ಟಿರುವ ಒಂದು ಚಿಪ್. ಒಂದೇ ಬ್ಯಾಟರಿಯಲ್ಲಿ ವರ್ಷಗಟ್ಟಲೆ ಬದುಕಬೇಕಾದ್ದರಿಂದ ಅದು ಸದಾ ಎಚ್ಚರವಿರುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು, ಕಾಯಿಲ್ ಕಡೆ ನೋಡಿ, ಮತ್ತೆ ಮಲಗುತ್ತದೆ.

"ಹಸುಗೂಸಿನ ತಾಯಿ ಮಲಗ್ದಂಗೆ ಕಣಮ್ಮ," ಎಂದು ಕೇಳಿದವರಿಗೆ ಹೇಳುತ್ತಾಳೆ ಗಂಗುಲಮ್ಮ. "ನಿದ್ದೆನೂ ಮಾಡ್ತೈತೆ, ಕಣ್ಣೂ ಬಿಡ್ತೈತೆ."

ಕಾಯಿಲ್‌ಗಳ ಕೂದಲೆಳೆಯಂಥ ತಂತಿಯನ್ನು ಚಿಪ್ ಕೂತ ಬೋರ್ಡಿಗೆ ಬೆಸೆಯುವುದು ಅವಳ ಕೆಲಸ. ಗೋರಂಟ್ಲದ ಹತ್ತಿರದ ಹಳ್ಳಿಯವಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮದುವೆಯಾಗಿ ಹಿಂದೂಪುರಕ್ಕೆ ಬಂದು, ಕೆಲಕಾಲ ನೂಲಿನ ಮಿಲ್ಲಿನಲ್ಲಿದ್ದು, 2001ರಲ್ಲಿ ಈ ಶೆಡ್ಡಿಗೆ ಸೇರಿದಳು. ದಿನಕ್ಕೆ ಅರವತ್ತು ಮೀಟರು ಅವಳ ಕೈ ದಾಟುತ್ತವೆ. ಹೊಗೆಗೆ ಕಣ್ಣು ಉರಿಯುತ್ತದೆ, ಸಂಜೆಗೆ ಕುತ್ತಿಗೆ ತಿರುಗುವುದಿಲ್ಲ. ಬೆಸೆದವರು ಯಾರೆಂದು ತಿಳಿಯಲಿ ಎಂದು ಇಲ್ಲಿನ ಹೆಂಗಸರು ಮೀಟರಿನ ಮೇಲೆ ಉಗುರುಬಣ್ಣದ ಚುಕ್ಕೆಯಿಡುತ್ತಾರೆ. ಒಬ್ಬೊಬ್ಬರದು ಒಂದೊಂದು ಬಣ್ಣ. ಗಂಗುಲಮ್ಮನದು ಕೆಂಪು.

ಆದರೆ ತಾನು ಬೆಸೆದದ್ದರಲ್ಲಿ ನೀರು ಹರಿದು ಅಂಕಿ ಏರುವುದನ್ನು ಅವಳು ಕಂಡೇ ಇರಲಿಲ್ಲ. ಅದು ಗೋಡೆಯಾಚೆಯ ಟೆಸ್ಟಿಂಗ್ ಬೆಂಚಿನ ಭಾಗ್ಯ. ಅಲ್ಲಿ ಫ್ಯಾನಿದೆ, ಕಂಪ್ಯೂಟರಿದೆ, ಬೆನ್ನಿರುವ ಕುರ್ಚಿಯಿದೆ. ವರ್ಷಗಳಿಂದ ಸ್ಟೂಲಿನ ಮೇಲೆ ಬೆನ್ನು ಬಗ್ಗಿಸಿದವಳನ್ನು ದಾಟಿ, ಐಟಿಐ ಮುಗಿಸಿದ ತ್ರಿವೇಣಿ ಬಂದ ದಿನವೇ ಆ ಕುರ್ಚಿಯಲ್ಲಿ ಕೂತಳು.

"ನಾನು ಹೆತ್ತು ಕೊಡಾದು, ಅವಳು ಹೆಸರಿಡಾದು," ಎನ್ನುತ್ತಾಳೆ ಗಂಗುಲಮ್ಮ.

ತ್ರಿವೇಣಿ ಕಲ್ಯಾಣದುರ್ಗದ ಹತ್ತಿರದ ಸೆಟ್ಟೂರಿನ ಅಂಗಡಿಯವರ ಮಗಳು. ಅವಳ ಇಸ್ತ್ರಿ ಮಾಡಿದ ದುಪಟ್ಟಾ, ಯಜಮಾನ ಅಮರೇಶಪ್ಪ ಅವಳನ್ನು ಕೇಳಿಯೇ ಮುಂದಿನ ಮಾತಾಡುವುದು, ಮಧ್ಯಾಹ್ನ ಅವಳು ಎಲ್ಲರಿಗೂ ಉಪ್ಪಿನಕಾಯಿ ಹಂಚುವುದು, ಒಂದೂ ಗಂಗುಲಮ್ಮನಿಗೆ ಸೇರದು. ಉಪ್ಪಿನಕಾಯಿ ಮಾತ್ರ ತಿನ್ನುತ್ತಾಳೆ. ಪಕ್ಕದ ಸ್ಟೂಲಿನ ವೀರಭದ್ರಮ್ಮ ಇದನ್ನೆಲ್ಲ ನೋಡಿ ನೋಡಿ ಸಾಕಾದವಳು. "ಗಂಡನ್ನ ಹಂಚ್ಕಂಡ ಸವತೀರೂ ಇಂಗಿರಲ್ಲ. ನಿಮ್ದೇನು, ಒಂದು ನಲ್ಲಿ," ಎಂದು ಚುಚ್ಚುತ್ತಾಳೆ.

ತುಂಬಿದ ಟ್ರೇಗಳನ್ನು ಆಚೆ ಕೋಣೆಗೆ ಒಯ್ಯುವುದು ಈ ವೀರಭದ್ರಮ್ಮನೇ. ಕಳೆದ ವಾರ ಅವಳು ರಜೆ ಹಾಕಿದ್ದರಿಂದ ಗಂಗುಲಮ್ಮ ಹೋಗಬೇಕಾಯಿತು. ಬೆಂಚಿನ ಮೇಲಿನ ಮೀಟರಿನಲ್ಲಿ ನೀರು ಹರಿಯುತ್ತಿತ್ತು. ಅಂಕಿ ಮಾತ್ರ ಏರುವ ಬದಲು ಇಳಿಯುತ್ತಿತ್ತು. ಎರಡು ಕಾಯಿಲ್‌ಗಳ ತಂತಿ ಅದಲುಬದಲಾದರೆ ಹೀಗಾಗುತ್ತದೆ. ಮುಂದಕ್ಕೆ ಹೋಗುವ ನೀರು ಹಿಂದಕ್ಕೆ ಬರುತ್ತಿದೆ ಎಂದೇ ಚಿಪ್ ತಿಳಿಯುತ್ತದೆ. ಮೀಟರಿನ ಮೈಮೇಲೆ ಕೆಂಪು ಚುಕ್ಕೆಯಿತ್ತು.

ತ್ರಿವೇಣಿ ಬಂದವರಾರೆಂದು ತಲೆಯೆತ್ತಿ ನೋಡಲಿಲ್ಲ. ಕಂಪ್ಯೂಟರಿನ ಕೇಬಲ್ ಸಿಕ್ಕಿಸಿ, ಎರಡು ಗುಂಡಿ ಒತ್ತಿ, ಮೊದಲನೆಯ ಕಾಯಿಲನ್ನು ಎರಡನೆಯದೆಂದು ತಿಳಿದುಕೋ ಎಂದು ಚಿಪ್‌ಗೆ ಹೇಳಿಬಿಟ್ಟಳು. ಅಂಕಿ ಏರತೊಡಗಿತು. ಇಂಥವು ಹಿಂದೆಯೂ ಬಂದಿದ್ದವೇ ಎಂದು ಗಂಗುಲಮ್ಮ ಕೇಳಿದಳು. ಆಗೊಂದು ಈಗೊಂದು ಬರುತ್ತವೆ, ಪರವಾಲೇದಕ್ಕ, ಚಿಂತೆಯಿಲ್ಲ, ವಾಪಸ್ಸು ಕಳಿಸಿದರೆ ಸಾರ್ ಕಣ್ಣಿಗೆ ಬೀಳುತ್ತಲ್ಲ ಎಂದಳು ತ್ರಿವೇಣಿ.

"ಬೈದಿದ್ರೆ ನಾನೂ ನಾಕು ಬೈದು ಸುಮ್ಕಾಯ್ತಿದ್ದೆ," ಎಂದು ವೀರಭದ್ರಮ್ಮನಿಗೆ ಹೇಳುತ್ತಾಳೆ ಗಂಗುಲಮ್ಮ. "ಬಾಯೇ ಬಿಡ್ದೆ ಸರಿ ಮಾಡ್ಬುಟ್ಟವ್ಳೆ. ಅದೇ ಕಣಮ್ಮ ಅರಗ್ತಾ ಇಲ್ಲ."

ಹೊಟ್ಟೆಕಿಚ್ಚು ಆರಲಿಲ್ಲ, ಇನ್ನೊಂದು ಕಡೆ ಹೊತ್ತಿಕೊಂಡಿತು. ಕುರ್ಚಿ ಮರೆತುಹೋಯಿತು. ತಪ್ಪನ್ನು ಕೂತಲ್ಲೇ ತಿದ್ದುವ ಆ ಎರಡು ಗುಂಡಿಗಳು ಕಣ್ಣಿಗೆ ಕಟ್ಟಿದವು.

ಈ ಮೀಟರುಗಳನ್ನು ಕಲ್ಯಾಣದುರ್ಗದ ಬೀದಿಗಳಲ್ಲಿ ಕೂರಿಸುವ ಕೆಲಸ ಶುರುವಾಗಿದೆ. ಅಲ್ಲೇ ಇದ್ದು ನೋಡಿಕೊಳ್ಳಲು ತ್ರಿವೇಣಿ ಹೋಗುತ್ತಿದ್ದಾಳೆ. ಅವಳಿಗೆ ಮನೆಯೂ ಹತ್ತಿರವಾಯಿತು. ಶನಿವಾರವೇ ಇಲ್ಲಿ ಕೊನೆ. ಬೆಂಚಿಗೆ ಪೆನುಕೊಂಡದಿಂದ ಇನ್ನೊಬ್ಬ ಐಟಿಐ ಹುಡುಗಿಯನ್ನು ಕರೆಸುವ ಮಾತು ನಡೆದಿದೆ. ಅವಳು ಬಂದು ಕೂತರೆ ಗಂಗುಲಮ್ಮನ ಪಾಲಿಗೆ ಗೋಡೆ ಗೋಡೆಯೇ. ಕೇಳುವುದಾದರೆ ಈಗಲೇ ಕೇಳಬೇಕು, ಯಾರನ್ನು ಕಂಡರೆ ಆಗದೋ ಅವಳನ್ನೇ ಕೇಳಬೇಕು.

ಇವತ್ತಿನ ಮೊದಲ ಟ್ರೇ ತುಂಬಿದೆ. ವೀರಭದ್ರಮ್ಮ ಕೈ ಚಾಚುತ್ತಾಳೆ. ಗಂಗುಲಮ್ಮ ಕೊಡದೆ ತಾನೇ ಹೊತ್ತು ನಡೆಯುತ್ತಾಳೆ. ಕೋಣೆಯಲ್ಲಿ ಅಮರೇಶಪ್ಪ ಕಲ್ಯಾಣದುರ್ಗಕ್ಕೆ ಹೋಗುವ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಿದ್ದಾರೆ. ಅವಳು ಟ್ರೇ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಇಬ್ಬರಿಗೂ ಕೇಳುವ ಹಾಗೆ ಹೇಳುತ್ತಾಳೆ:

"ತ್ರಿವೇಣಿ, ನೀನು ಹೋಗಾಕ್ ಮುಂಚೆ ಈ ಬೆಂಚಿನ ಕೆಲ್ಸ ನಂಗೂ ಹೇಳ್ಕೊಡು."

ತ್ರಿವೇಣಿ ಅಮರೇಶಪ್ಪನವರ ಮುಖ ನೋಡುತ್ತಾಳೆ. ಅಮರೇಶಪ್ಪ ಟೇಪಿನ ತುದಿಯನ್ನು ಹುಡುಕುತ್ತಾರೆ.