ಟೀಚರ್ ತಲೆಗೂ ಹಾಳೆ ಟೊಪ್ಪಿ

ತ್ರಾಸಿ ಕಡಲತೀರದಲ್ಲಿ ವಾಲಿಬಾಲ್ ಆಡಲೆಂದು ಬಸ್ಸಿಳಿದ ನನ್ನ ಒಂಬತ್ತನೇ ತರಗತಿಯ ಹುಡುಗಿಯರನ್ನು ಕಂಡು ದಂಗಾದೆ. ಎಲ್ಲರ ತಲೆಯ ಮೇಲೂ ಗದ್ದೆ ಕೆಲಸದವರು ಇಡುವ ಅಡಿಕೆ ಹಾಳೆಯ ಟೊಪ್ಪಿ!

ಅತಿ ಬಿಸಿಲು ಚರ್ಮದ ಕ್ಯಾನ್ಸರಿಗೂ ದಾರಿಯಾಗಬಹುದು, ತಲೆಗೆ ಟೊಪ್ಪಿ, ಮೈಗೆ ತುಂಬುತೋಳಿನ ಅಂಗಿ ಇರಲಿ ಎಂದು ಹಿಂದಿನ ವಾರ ನಾನು ಪಾಠ ಮಾಡಿದಾಗ, "ಕಪ್ಪಾರೆ ಎಂತ ಆತ್ತ್ ಟೀಚರೇ?" ಎಂದು, ಮೈ ಕಪ್ಪಾದರೇನಂತೆ ಎಂಬಂತೆ ನಕ್ಕವರೇ ಇವರು.

ಅವರಲ್ಲೊಬ್ಬಳು, ಶ್ರೀನಿಧಿ, ಈಗ ನನ್ನನ್ನೇ ಮೇಲಿಂದ ಕೆಳಗೆ ನೋಡಿದಳು. "ಹ್ವಾಯ್ ಟೀಚರೇ, ನಿಮ್ ತಲಿಗ್ ಎಂತ ಇಲ್ಯಾ?" ಎನ್ನುತ್ತಾ, ತನ್ನ ಅಜ್ಜಿ ಮಾಡಿಕೊಟ್ಟ ಇನ್ನೊಂದು ಟೊಪ್ಪಿಯನ್ನು ಚೀಲದಿಂದ ತೆಗೆದು ನನ್ನ ತಲೆಗಿಟ್ಟಳು.

ಅಂದಿನಿಂದ ನಾನು ಮಧ್ಯಾಹ್ನ ಬರಿತಲೆಯಲ್ಲಿ ಶಾಲೆಯ ಅಂಗಳಕ್ಕಿಳಿದರೆ ಸಾಕು, ಒಂಬತ್ತನೇ ತರಗತಿಯ ಕಿಟಕಿಯಿಂದ ಕೂಗು ಬರುತ್ತದೆ: "ಟೀಚರೇ, ತಲಿ!"